ಇಪ್ಪತ್ತಕ್ಕೆ ನಿಲ್ಲುವ ಮಾವ

ಮಂಡ್ಯದ ಒಂದು ಸಣ್ಣ ಆಫೀಸಿನಲ್ಲಿ ರೋಬೋಟ್ ಮಾಡುವುದು ನನ್ನ ಕೆಲಸ. ಹಾಗೆಂದ ತಕ್ಷಣ ಜನ ನನ್ನ ಕೈ ನೋಡುತ್ತಾರೆ, ಗ್ರೀಸು ಅಂಟಿದೆಯೇ ಎಂದು. ಅಂಟಿಲ್ಲ. ನಮ್ಮ ರೋಬೋಟಿಗೆ ಕೈಯೂ ಇಲ್ಲ, ಕಾಲೂ ಇಲ್ಲ. ಅದು ಕಂಪ್ಯೂಟರಿನ ಒಳಗೇ ಕೂತು ಗುಮಾಸ್ತರ ಕೆಲಸ ಮಾಡುತ್ತದೆ. ಒಂದು ಕಡೆಯಿಂದ ಹೆಸರು ತೆಗೆಯುವುದು, ಇನ್ನೊಂದು ಕಡೆ ಹಾಕುವುದು, ಗುಂಡಿ ಒತ್ತುವುದು, ಮತ್ತೆ ಮುಂದಿನ ಹೆಸರು. ಆಫೀಸಿನಲ್ಲಿ ಅದಕ್ಕೆ ಬಾಟ್ ಅನ್ನುತ್ತೇವೆ. ಇಂಥವನ್ನು ನಾನು ಬೇಕಾದಷ್ಟು ಮಾಡಿದ್ದೇನೆ. ಆದರೆ ನಮ್ಮ ವಂಶದ ಮೊದಲ ರೋಬೋಟ್ ತಯಾರಿಸಿದ ಕೀರ್ತಿ ನನ್ನದಲ್ಲ, ನಮ್ಮ ಅಜ್ಜಿಯದು. ಎಪ್ಪತ್ತು ವರ್ಷದ ಹಿಂದೆ, ಮಳವಳ್ಳಿಯಲ್ಲಿ, ಯಾವ ತರಬೇತಿಯೂ ಇಲ್ಲದೆ, ಒಬ್ಬ ಸೂಲಗಿತ್ತಿಯ ನೆರವಿನಿಂದ ಅವರು ನನ್ನ ಸೋದರಮಾವನನ್ನು ಹೆತ್ತರು.

ಸ್ವಂತ ಮಾವನನ್ನು ಹೀಗೆ ಅನ್ನಬಹುದೇ ಎಂದು ನೀವು ಹುಬ್ಬೇರಿಸಬಹುದು. ಪೂರ್ತಿ ಕೇಳಿ, ಆಮೇಲೆ ಬೈಯಿರಿ. ಮಾವ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಿಸಿಲಲ್ಲಿ ನಿಂತು, "ಒಂದ್, ಎಲ್ಡ್, ಮೂರ್, ನಾಕ್" ಎಂದು ಮಕ್ಕಳ ಕೈಕಾಲು ಆಡಿಸಿದವರು. ಮಕ್ಕಳೇನೋ ಪಾಸಾಗಿ ಹೊರಟುಹೋದರು. ಲೆಕ್ಕ ಮಾವನ ಹತ್ತಿರವೇ ಉಳಿದುಬಿಟ್ಟಿತು. ಅನ್ನವನ್ನು ಇಪ್ಪತ್ನಾಲ್ಕು ಸಲ ಅಗಿಯುತ್ತಾರೆ, ಮೆತ್ತಗಿದ್ದರೂ ಅಷ್ಟೇ, ಕಲ್ಲಿದ್ದರೂ ಅಷ್ಟೇ. ಅಂಗಳಕ್ಕೆ ಎಂಟು ಚೊಂಬು ನೀರು ಚಿಮುಕಿಸುತ್ತಾರೆ, ಆಕಾಶದಿಂದ ಮಳೆ ಸುರಿಯುತ್ತಿದ್ದರೂ. ಚಪ್ಪಲಿಯ ಮಣ್ಣು ಉದುರಲು ನಾಲ್ಕು ಸಲ ಕೊಡವುತ್ತಾರೆ. ಮಣ್ಣು ಉದುರಿತೋ ಇಲ್ಲವೋ, ಅದು ಮಣ್ಣಿಗೆ ಬಿಟ್ಟ ವಿಚಾರ.

ಒಂದು ಸಲ ಯಲಿಯೂರಿನ ನಮ್ಮ ಮನೆಗೆ ಬಂದರು. ಮಳವಳ್ಳಿಯಿಂದ ಮಂಡ್ಯಕ್ಕೆ ಒಂದು ಬಸ್ಸು, ಅಲ್ಲಿಂದ ಯಲಿಯೂರಿಗೆ ಇನ್ನೊಂದು. ತಂಗಿಗೆಂದು ಡಬ್ಬಿ ತುಂಬ ಹಲಸಿನ ತೊಳೆ ತಂದಿದ್ದರು. ನಾನು ಆಫೀಸಿಗೆ ಹೋಗಿದ್ದೆ. ಅಮ್ಮ ತಲೆಗೆ ಸೀಗೆಪುಡಿ ಹಾಕಿಕೊಂಡು ಬಚ್ಚಲಲ್ಲಿದ್ದರು. ಬಾಗಿಲು ಬಡಿದ ಸದ್ದು ಕೇಳಿ, ಹೇಗೋ ಸೀರೆ ಸುತ್ತಿಕೊಂಡು ಬಂದು ತೆಗೆದರೆ ಯಾರೂ ಇಲ್ಲ. ಸಂಜೆ ಏನೋ ಅನುಮಾನ ಬಂದು ಮಳವಳ್ಳಿಗೆ ಫೋನ್ ಮಾಡಿದರು.

"ಅಣ್ಣಯ್ಯ, ಬೆಳಿಗ್ಗೆ ಬಾಗ್ಲು ಬಡ್ದೋನು ನೀನೇನಾ?"

"ಊಂ ಕಣವ್ವ. ಮೂರ್ ಸಲ ಬಡ್ದೆ. ತಗೀನಿಲ್ಲ. ಬಂದ್ಬುಟ್ಟೆ."

"ನಾಕ್ನೇ ಸಲ ಬಡುದ್ರೆ ನಿನ್ ಕೈ ಸವ್ದೋಯ್ತಿತ್ತಾ?"

"ನಾಕ್ನೇ ಸಲ ಬಡಿಯೋರು ಪೋಲೀಸ್ನೋರು ಕಣವ್ವ. ನೆಂಟ್ರು ಬಡಿಯೋದು ಮೂರೇ."

ಹಲಸಿನ ತೊಳೆಯೂ ಮಳವಳ್ಳಿಗೆ ವಾಪಸು ಹೋಗಿತ್ತು. ಅಮ್ಮ ಅದಕ್ಕಾಗಿ ಒಂದು ವಾರ ಅಣ್ಣನ ಜೊತೆ ಮಾತು ಬಿಟ್ಟಿದ್ದರು.

ನಾನು ಚಿಕ್ಕವಳಿದ್ದಾಗ ಎರಡೂ ಮನೆಯವರು ಸೇರಿ ಮುತ್ತತ್ತಿಗೆ ಹೋಗಿದ್ದೆವು. ಆಂಜನೇಯನ ದರ್ಶನಕ್ಕೆ ಮುಂಚೆ ಮಾವ ಹೊಳೆಗಿಳಿದರು. ಮೂರು ಮುಳುಗು ಹಾಕಬೇಕು. ಮೊದಲನೆಯ ಮುಳುಗು ಹಾಕುವಷ್ಟರಲ್ಲಿ ಬಂಡೆಯ ಮೇಲಿದ್ದ ಅವರ ಹೊಸ ಟವೆಲ್ಲು ಜಾರಿ ನೀರಿಗೆ ಬಿತ್ತು. "ಮಾವ, ಟವಲ್ಲು" ಎಂದು ನಾವೆಲ್ಲ ಕಿರುಚಿದೆವು. ಎದ್ದರು, ನೋಡಿದರು. ಟವೆಲ್ಲು ಒಂದು ಮಾರು ದೂರದಲ್ಲಿತ್ತು, ಕೈ ಚಾಚಿದರೆ ಸಿಗುತ್ತಿತ್ತು. ಮಾವ ಎರಡನೆಯ ಮುಳುಗು ಹಾಕಿದರು. ಎದ್ದಾಗ ಅದು ಹತ್ತು ಮಾರು ಹೋಗಿತ್ತು. ಮೂರನೆಯದನ್ನೂ ಹಾಕಿ, ಮೂಗು ಒರೆಸಿಕೊಂಡು, ಈಗ ಹಿಡಿಯೋಣ ಎಂದು ತಿರುಗಿದರೆ ಅದು ತಮಿಳುನಾಡಿನ ದಾರಿ ಹಿಡಿದಿತ್ತು. ದಡದಲ್ಲಿ ಕೂತಿದ್ದ ಅತ್ತೆ ತನ್ನ ಸೆರಗಿನಿಂದ ಅವರ ತಲೆ ಒರೆಸುತ್ತಾ, "ನಾನೇನಾರ ಬಿದ್ದಿದ್ರೂ ಮೂರು ಮುಗುಸ್ಕೊಂಡೇ ಬತ್ತಿದ್ರೇನೋ ಮೇಷ್ಟ್ರು" ಎಂದರು.

ಅತ್ತೆ ಅಂದರೆ ಮಾವನ ಹೆಂಡತಿ. ಅವರನ್ನು ಇಲ್ಲಿಯೇ ಪರಿಚಯ ಮಾಡಿಸಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಮಾವನಷ್ಟೇ ಪಾಲು ಅವರದೂ ಇದೆ. ಗಂಡನನ್ನು ಮೇಷ್ಟ್ರೇ ಎಂದು ಕರೆದು, ದಿನಕ್ಕೊಂದು ಸಲವಾದರೂ ಆ ಲೆಕ್ಕದ ಹುಚ್ಚಿಗೆ ಬೈದು, ಬೈದ ಮೇಲೆ ತಾನೇ ನಕ್ಕುಬಿಡುವ ಹೆಂಗಸು. ಅವರ ಬೈಗುಳ ಬೀದಿಯ ಕೊನೆಯ ಮನೆಗೂ ಕೇಳುತ್ತಿತ್ತು. ಆ ಮನೆಯವರು ಅದನ್ನು ಕೇಳಿಯೇ ಕಾಫಿಗೆ ನೀರಿಡುತ್ತಿದ್ದರಂತೆ. ಅತ್ತೆಗೆ ಯಾವ ಕೆಲಸಕ್ಕೂ ಲೆಕ್ಕ ಬೇಕಿರಲಿಲ್ಲ. ಮುದ್ದೆ ತಿರುವುವಾಗ ಎಷ್ಟು ಸುತ್ತು ಎಂದು ಕೇಳಿದರೆ, "ಆಗೋಗಂಟ" ಅನ್ನುತ್ತಿದ್ದರು, ಆಗುವ ತನಕ ಎಂದು. ಆಗಿದೆ ಅಂತ ಹೇಗೆ ಗೊತ್ತಾಗುತ್ತದೆ? "ಕಣ್ಣಿಲ್ವಾ ನಿಂಗೆ?"

ಮುದ್ದೆಯ ಪ್ರಸಂಗವನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅತ್ತೆ ಒಮ್ಮೆ ಎರಡು ದಿನ ತವರಿಗೆ ಹೊರಟರು. ಮಾವ ಬಾಗಿಲಿಗೆ ಅಡ್ಡ ನಿಂತು, ಇಟ್ಟನ್ನು, ಅಂದರೆ ಮುದ್ದೆಯನ್ನು, ಎಷ್ಟು ಸಲ ತಿರುವಬೇಕು ಎಂದು ಪೀಡಿಸಿದರು. ಬಸ್ಸಿಗೆ ಹೊತ್ತಾಗಿತ್ತು. "ನಲ್ವತ್ ಸಲ ತಿರುವಿ ಓಗಿ" ಎಂದು ಬಾಯಿಗೆ ಬಂದದ್ದು ಹೇಳಿ ಅತ್ತೆ ಬಸ್ಸು ಹತ್ತಿದರು. ಮಾವ ನೀರಿಟ್ಟರು, ಬಿಸಿಯಾಗುವ ಮೊದಲೇ ಗ್ಯಾಸು ಮುಗಿದು ಒಲೆ ಆರಿತು. ಮಾವ ಹಿಟ್ಟು ಹಾಕಿದರು. ಕೋಲು ಹಿಡಿದು ನಲವತ್ತು ಸುತ್ತು ತಿರುವಿದರು. ಆಮೇಲೆ ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು, ಸೊಪ್ಪಿನ ಸಾರು ಬೆರೆಸಿ ಕುಡಿದರು. ತವರಿನಿಂದ ಬಂದ ಅತ್ತೆ, ತಳದಲ್ಲಿ ಹಸಿ ಹಿಟ್ಟು ಗಟ್ಟಿಯಾಗಿದ್ದ ಪಾತ್ರೆ ನೋಡಿ ತಲೆ ಚಚ್ಚಿಕೊಂಡರು.

"ಒಲೆ ಆರೋಗಿದ್ದು ನೋಡ್ನಿಲ್ವಾ ಮೇಷ್ಟ್ರೇ?"

"ನಲ್ವತ್ ಸಲ ತಿರುವಿ ಅಂದೆ. ಒಲೆ ನೋಡಿ ಅಂತ ಯೋಳ್ನಿಲ್ಲ."

ಈಗ ಹೇಳಿ, ಅಜ್ಜಿ ಹೆತ್ತದ್ದು ರೋಬೋಟನ್ನೋ ಅಲ್ಲವೋ?

ನನ್ನ ಕೆಲಸ ಬಲ್ಲವರಿಗೆ ಇದರ ರುಚಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಬಾಟಿಗೆ ಕೆಲಸ ಕೊಡುವಾಗ ಪರದೆಯ ಮೇಲೆ ಒಂದು ಚಿಕ್ಕ ಚೌಕ ಬರುತ್ತದೆ, ಇದನ್ನು ಎಷ್ಟು ಸಲ ಮಾಡಲಿ ಎಂದು. ನಲವತ್ತು ಎಂದು ಬರೆದರೆ ನಲವತ್ತು ಸಲ ಮಾಡಿ ಕೈ ಕಟ್ಟಿ ಕೂರುತ್ತದೆ. ಪಟ್ಟಿಯಲ್ಲಿ ಮೂವತ್ತೆಂಟೇ ಹೆಸರಿದ್ದರೆ, ಇನ್ನೆರಡು ಸಲ ಖಾಲಿ ಜಾಗಕ್ಕೇ ನಮಸ್ಕಾರ ಹೇಳುತ್ತದೆ. ನಲವತ್ತೈದು ಹೆಸರಿದ್ದರೆ, ಕೊನೆಯ ಐದು ಜನ ಅದರ ಪಾಲಿಗೆ ಹುಟ್ಟಿಯೇ ಇಲ್ಲ. ಇನ್ನೊಂದು ಬಗೆ ಇದೆ. ಸಂಖ್ಯೆ ಕೊಡದೆ, ಪಟ್ಟಿ ಮುಗಿಯುವ ತನಕ ಮಾಡು ಅನ್ನಬಹುದು. ಆಗ ಅದು ಪ್ರತಿ ಸಲವೂ ನೋಡಿಕೊಂಡೇ ಮುಂದಕ್ಕೆ ಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಕಲಿಸುತ್ತಿದ್ದ ನಮ್ಮ ಮೇಡಂಗೆ ನಾನು ಮುದ್ದೆಯ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಅವತ್ತಿನಿಂದ ನಮ್ಮ ಆಫೀಸಿನಲ್ಲಿ ಲೆಕ್ಕದ ಸುತ್ತಿಗೆ ಮಾವನ ಸುತ್ತು ಎಂದೂ, ಮುಗಿಯುವ ತನಕದ ಸುತ್ತಿಗೆ ಅತ್ತೆ ಸುತ್ತು ಎಂದೂ ಹೆಸರು ಬಿತ್ತು. ಹೊಸದಾಗಿ ಸೇರಿದವರೂ ಈಗ, "ಮೇಡಂ, ಇದಕ್ಕೆ ಅತ್ತೆ ಸುತ್ತು ಹಾಕ್ಲಾ?" ಎಂದೇ ಕೇಳುತ್ತಾರೆ. ಮಾವ, ಅತ್ತೆ ಯಾರು ಅಂತ ಅವರಿಗೆ ಗೊತ್ತಿಲ್ಲ.

ಅತ್ತೆಗೆ ಇದನ್ನು ಹೇಳಿದಾಗ ಅವರಿಗೆ ಭಾರಿ ಖುಷಿಯಾಗಿತ್ತು. "ಕಂಪ್ಯೂಟ್ರಿಗೂ ಗೊತ್ತಾಯ್ತು ನೋಡಿ, ಯಾರ್ ಸರಿ ಅಂತ" ಎಂದು ಮಾವನನ್ನು ವಾರವಿಡೀ ಆಡಿಕೊಂಡಿದ್ದರು.

ಹೋದ ವರ್ಷ ಆ ಬಾಯಿ ನಿಂತುಹೋಯಿತು.

ಬೆಳಿಗ್ಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರಂತೆ. ಬಲಗೈಯಿಂದ ಕಾಯಿ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಬರಲಿಲ್ಲ. ಮಾವನನ್ನು ಕರೆಯಲು ಹೋದರೆ ಮಾತು ಬರಲಿಲ್ಲ. ಲಕ್ವ ಹೊಡೆದಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟುಕೊಂಡು, ಜೀವಕ್ಕೇನೂ ಭಯವಿಲ್ಲ ಎಂದು ಮನೆಗೆ ಕಳಿಸಿದರು. ಬಲಗೈ ಮುಷ್ಟಿ ಕಟ್ಟಿಕೊಂಡು ಉಳಿಯಿತು. ಬಾಯಿಂದ ಬರುತ್ತಿದ್ದದ್ದು "ಆ" ಎನ್ನುವ ಒಂದೇ ಸದ್ದು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಮಾವ ಅಂಗಳಕ್ಕೆ ನೀರು ಹಾಕುವಾಗ ಕಿಟಕಿಯಿಂದ ನೋಡುತ್ತಾ ಏನೋ ಹೇಳಲು ಹೊರಟು, ಬರದೆ, ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಮದ್ದೂರಿನ ಒಂದು ಫಿಸಿಯೋಥೆರಪಿ ಕೇಂದ್ರಕ್ಕೆ ತೋರಿಸಿದೆವು. ಅಲ್ಲಿನ ಹುಡುಗಿ ಮುಷ್ಟಿ ಬಿಡಿಸಿ ಮಡಚುವುದನ್ನು ಮಾವನಿಗೆ ಕಲಿಸಿದಳು. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ಹದಿನೈದು ದಿನಕ್ಕೊಮ್ಮೆ ಕರೆದುಕೊಂಡು ಬರಬೇಕು. ಜೊತೆಯಲ್ಲಿ ಮಾತಾಡುತ್ತಿರಬೇಕು. ಮಾತು ಬರಬಹುದು, ಬರದೆಯೂ ಇರಬಹುದು. ವಾಪಸು ಬರುವಾಗ ಮಾವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಗೆಲುವು ಕಂಡಿತು.

"ಎಲ್ಲಾ ಡಾಕ್ಟ್ರೂ ನೋಡಣ, ದೇವ್ರವ್ನೆ ಅಂದ್ರು ಕಣ್ ಮಗಾ. ಈ ಮಗು ಒಬ್ಳೇ ಲೆಕ್ಕ ಕೊಟ್ಟಿದ್ದು."

ಆವತ್ತಿನಿಂದ ಶುರುವಾಯಿತು. ಹಾಸಿಗೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಗ್ರೌಂಡಿನಲ್ಲಿ ನಿಂತಂತೆ ಕೂತು ಮಾವ ಎಣಿಸುತ್ತಿದ್ದರು. ಒಂದ್, ಎಲ್ಡ್, ಮೂರ್, ನಾಕ್. ಇಪ್ಪತ್ತಕ್ಕೆ ಅತ್ತೆಯ ಕೈಯನ್ನು ಮೆತ್ತಗೆ ಹಾಸಿಗೆಯ ಮೇಲಿಟ್ಟು, "ಮುಗೀತು ಕಣಮ್ಮಿ, ಭೇಷ್" ಅನ್ನುತ್ತಿದ್ದರು. ಒಂದು ದಿನ ನಾನು ತಡೆಯಲಾರದೆ, "ಕೈ ಹೋದ್ರೆ ಹೋಗ್ಲಿ ಮಾವ, ಅತ್ತೆ ಚೆನ್ನಾಗಿದ್ರೆ ಸಾಕು" ಎಂದೆ.

"ಕೈ ಓಗ್ಲಿ ಬುಡು. ಇಟ್ಟು ನಾನೇ ತಿರುವ್ತೀನಿ, ಈಗ ಒಲೆನೂ ನೋಡ್ತೀನಿ. ಆದ್ರೆ ಮನೇಲಿ ಬಯ್ಯೋರಿಲ್ಲ ಮಗಾ. ನಾನೀಗ ತಪ್ಪು ಮಾಡುದ್ರೂ ಗೊತ್ತೇ ಆಗಕಿಲ್ಲ."

ಮಾವನಿಗೆ ಬೇಕಾಗಿದ್ದದ್ದು ಇಷ್ಟೇ. ಒಂದು ಬೈಗುಳ.

ಆ ಕೇಂದ್ರದ ಒಂದು ಕೆಲಸವೂ ನಮ್ಮ ಆಫೀಸಿನ ಪಾಲಿಗೇ ಬಂದಿತ್ತು. ಯಾರು ಯಾವ ದಿನ ಬರಬೇಕೋ ಅವರ ಫೋನಿಗೆ ಹಿಂದಿನ ದಿನ ಒಂದು ಮೆಸೇಜು ಕಳಿಸುವ ಬಾಟ್. ಅದನ್ನು ಮಾಡಿದವಳು ನಾನೇ. ಅತ್ತೆಯನ್ನು ಅಲ್ಲಿಗೆ ತೋರಿಸುವ ಮೊದಲೇ ಮಾಡಿದ್ದು, ಆಗ ಕೇಂದ್ರಕ್ಕೆ ಬರುವವರೆಲ್ಲರ ಪಟ್ಟಿಯಲ್ಲಿ ನಲವತ್ತು ಹೆಸರಿತ್ತು. ಪರೀಕ್ಷೆಗೆಂದು ಚೌಕದಲ್ಲಿ ನಲವತ್ತು ಎಂದು ಬರೆದೆ, ಆಮೇಲೆ ಬದಲಾಯಿಸೋಣ ಎಂದುಕೊಂಡೆ. ಪರೀಕ್ಷೆ ಸರಿಯಾಗಿ ಬಂತು. ಆಮೇಲೆ ಎನ್ನುವುದು ಬರಲಿಲ್ಲ. ಮಾವನ ಸುತ್ತು ಎಂದು ಊರೆಲ್ಲ ನಗಿಸಿದ ನಾನು, ನನ್ನದೇ ಕೆಲಸದಲ್ಲಿ ಮಾವನ ಸುತ್ತು ಹಾಕಿ ಮರೆತಿದ್ದೆ.

ಒಂದು ಬೆಳಿಗ್ಗೆ ಕೇಂದ್ರದವರು ಫೋನ್ ಮಾಡಿದರು. ನಿಡಘಟ್ಟದ ಒಬ್ಬ ತಾತ ಬಂದಿಲ್ಲ, ವಿಚಾರಿಸಿದರೆ ಮೆಸೇಜೇ ಬಂದಿಲ್ಲ ಅನ್ನುತ್ತಾರೆ, ನೋಡಿ ಎಂದರು. ನಾನು ಪಟ್ಟಿ ತೆರೆದೆ. ಹೊಸದಾಗಿ ಎರಡು ಹೆಸರು ಸೇರಿದ್ದವು. ನಲವತ್ತೆರಡನೆಯದು ನಿಡಘಟ್ಟದ ತಾತನದು. ನಲವತ್ತೊಂದನೆಯದು ಅತ್ತೆಯದು.

ಅತ್ತೆಯ ಹದಿನೈದು ದಿನವೂ ಅವತ್ತಿಗೇ ಮುಗಿದಿತ್ತು. ತಾತನಿಗೆ ಫೋನ್ ಮಾಡುವ ಮೊದಲು ಮಾವನಿಗೆ ಮಾಡಿದೆ. ಇದು ಸ್ವಾರ್ಥ, ಒಪ್ಪಿಕೊಳ್ಳುತ್ತೇನೆ.

"ಮಾವ, ಇವತ್ತು ಅತ್ತೇನ ಮದ್ದೂರಿಗೆ ಕರ್ಕೊಂಡ್ ಹೋಗ್ಬೇಕಿತ್ತು. ಮೆಸೇಜು ಬರ್ಲಿಲ್ಲ ಅಲ್ವಾ? ನಂದೇ ತಪ್ಪು ಮಾವ."

"ನಾವು ಮದ್ದೂರಲ್ಲೇ ಇದೀವಿ ಕಣ್ ಮಗಾ. ತೋರ್ಸಾಯ್ತು. ಬಸ್ಸಿಗೆ ಕುಂತಿವಿ."

"ಮೆಸೇಜು ಬರ್ದೆ ಹೆಂಗ್ ಬಂದ್ರಿ?"

"ಹದ್ನೈದಕ್ಕೊಂದ್ ಸಲ ಅಂದಿದ್ರು. ಹದ್ನೈದಾಯ್ತು, ಬಂದೊ. ಅದುಕ್ಕೆ ಮೆಸೇಜ್ ಯಾಕೆ?"

ನನ್ನ ಲೆಕ್ಕ ಬಿಟ್ಟವರನ್ನು ಮಾವನ ಲೆಕ್ಕ ಕರೆದುಕೊಂಡು ಹೋಗಿತ್ತು. ಆದರೆ ನಿಡಘಟ್ಟದ ತಾತನ ಮನೆಯಲ್ಲಿ ಇಂಥ ಮಾವ ಇರಲಿಲ್ಲ. ಅವರಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಅವರು ಸ್ವಲ್ಪವೂ ಕೋಪ ಮಾಡಿಕೊಳ್ಳಲಿಲ್ಲ. "ಅಂಗಾ? ನಾನು ಅಂದ್ಕಂಡೆ ಕಣವ್ವ, ಇನ್ನು ಈ ಮುದುಕುಂಗೆ ಮಾಡಿ ಏನ್ ಸುಕ ಅಂತ ಬುಟ್ಬುಟ್ರೇನೋ ಅಂತ" ಎಂದರು. ಕೋಪ ಮಾಡಿಕೊಂಡಿದ್ದರೇ ಚೆನ್ನಾಗಿತ್ತು. ಅವತ್ತೇ ಮಧ್ಯಾಹ್ನ ಅವರನ್ನು ಕರೆಸಿಕೊಳ್ಳುವಂತೆ ಕೇಂದ್ರದವರನ್ನು ಕೇಳಿಕೊಂಡೆ. ಚೌಕದಲ್ಲಿದ್ದ ನಲವತ್ತನ್ನು ಅಳಿಸಿ, ಪಟ್ಟಿ ಮುಗಿಯುವ ತನಕ ಎಂದು ಮಾಡಿದೆ.

ತಪ್ಪು ತಿದ್ದಿಕೊಂಡವಳು ಸುಮ್ಮನಿರಬಾರದೇ? ಊರಿಗೆಲ್ಲ ಬೋಧನೆ ಮಾಡುವ ಹುಮ್ಮಸ್ಸು ಬಂತು. ಮುಂದಿನ ಭಾನುವಾರ ಬೆಳಿಗ್ಗೆಯೇ ಮಳವಳ್ಳಿಗೆ ಹೋದೆ. ಮಾವ ಸ್ಟೂಲಿನ ಮೇಲೆ ಕೂತು ಇಪ್ಪತ್ತು ಮುಗಿಸುವುದರಲ್ಲಿದ್ದರು. ಅತ್ತೆಯ ಬೆರಳು ಬಿಟ್ಟರೆ ತಾನಾಗಿ ಮುಷ್ಟಿಯಾಗುತ್ತಿತ್ತು, ಮೊದಲ ದಿನ ಹೇಗಿತ್ತೋ ಹಾಗೆಯೇ.

"ಮಾವ, ಲೆಕ್ಕ ಬುಡಿ, ಬೆರಳು ನೋಡಿ. ಬೆರಳು ಬಿಚ್ಚೋ ತನಕ ಮಾಡಿ. ಇಪ್ಪತ್ತಕ್ಕೆ ನಿಲ್ಸಿದ್ರೆ ಇಪ್ಪತ್ತೊಂದಕ್ಕೆ ಬಿಚ್ಚೋ ಬೆರಳು ಎಲ್ಲಿ ಬಿಚ್ತದೆ?"

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಹೂಂ ಎನ್ನುವಂತೆ ಸಣ್ಣಗೆ ತಲೆಯಾಡಿಸಿದರು. ಜೀವಮಾನವೆಲ್ಲ ಅವರು ಹೇಳಿಕೊಂಡು ಬಂದದ್ದನ್ನೇ ನಾನು ಹೇಳಿದ್ದೆ. ಮಾವ ಎಣಿಸುವುದನ್ನು ನಿಲ್ಲಿಸಿ ಕೈ ಹಿಡಿದರು. ಬಿಡಿಸಿದರು, ಮಡಚಿದರು. ಮತ್ತೆ ಬಿಡಿಸಿದರು. ಲೆಕ್ಕವಿಲ್ಲದ ಆ ಕೋಣೆ ನನಗೇ ಏನೋ ಅಪರಿಚಿತ ಅನ್ನಿಸಿತು. ಕಾಲು ಗಂಟೆ ಆಯಿತು, ಅರ್ಧ ಗಂಟೆ ಆಯಿತು. ಹೆಬ್ಬೆಟ್ಟು ಒಂದು ಸಲ ಅಲುಗಿದಂತಾಯಿತು, ಅಷ್ಟೇ. ಅತ್ತೆಯ ಹಣೆಯಲ್ಲಿ ಬೆವರು ಬಂತು. ನಾನು "ಇನ್ನೊಂದ್ ಸ್ವಲ್ಪ ಅತ್ತೆ, ಇನ್ನೊಂದ್ ಸ್ವಲ್ಪ" ಅನ್ನುತ್ತಲೇ ಇದ್ದೆ. ಆಮೇಲೆ ಅತ್ತೆ ಎಡಗೈಯಿಂದ ತನ್ನ ಬಲಗೈಯನ್ನು ಮಾವನಿಂದ ಬಿಡಿಸಿಕೊಂಡರು. ಅದನ್ನು ಸೆರಗಿನೊಳಗೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಅವರ ಭುಜ ಅಲುಗುತ್ತಿತ್ತು.

ಸಂಜೆ ಮಾವ ಸ್ಟೂಲು ಹಾಕಿಕೊಂಡು, "ಇಪ್ಪತ್ತೇ ಕಣಮ್ಮಿ, ಇಪ್ಪತ್ತೇ" ಎಂದು ಎಷ್ಟು ಬೇಡಿಕೊಂಡರೂ ಸೆರಗಿನಿಂದ ಕೈ ಹೊರಗೆ ಬರಲಿಲ್ಲ.

ಜಗಲಿಯ ಮೇಲೆ ಬಂದು ಕೂತೆ. ಮಾವನೂ ಬಂದು ಕೂತರು. ಬೈಯುತ್ತಾರೇನೋ ಅಂದುಕೊಂಡೆ. ಮಾವನಿಗೆ ಬೈಯಲು ಬರುವುದಿಲ್ಲ, ಆ ಖಾತೆ ಅತ್ತೆಯದು.

"ನಿನ್ ಮಾತು ಸರಿಯೇ ಮಗಾ" ಎಂದರು. "ಇಟ್ಟಿಗಾದ್ರೆ ಸರಿ. ಇಟ್ಟು ಇವತ್ತಲ್ಲ ನಾಳೆ ಆಗೇ ಆಯ್ತದೆ. ಬೆರಳು ಬಿಚ್ಚೋಗಂಟ ಅಂದ್ರೆ, ಬಿಚ್ದೇ ಇರೋ ದಿನ ಎಲ್ಲಿ ನಿಲ್ಸಾದು? ಅಂಗಾದ್ರೆ ಅವ್ಳು ದಿನಾ ಸೋತಂಗೆ ಅಲ್ವಾ? ಇಪ್ಪತ್ತು ಅಂದ್ರೆ ಇಪ್ಪತ್ತಕ್ಕೆ ಮುಗೀತದೆ. ಇವತ್ತಿನ್ ಕ್ಯಾಮೆ ಮಾಡ್ದೆ ಅಂತ ನೆಮ್ದಿಯಾಗ್ ಮಲಗ್ತಾಳೆ."

ಮತ್ತೆ ಹೇಳಿದರು. "ಸ್ಕೂಲಲ್ಲಿ ಓಡಾಕಾಗ್ದಿರೋ ಮಕ್ಳು ಇರ್ತಿದ್ವು. ಗೆಲ್ಲೋಗಂಟ ಓಡು ಅಂದ್ರೆ ಅಳ್ತಾ ಕುಂತ್ಕತಿದ್ವು. ನಾಕ್ ಸುತ್ತು ಓಡು ಅಂದ್ರೆ, ಹೆಂಗೋ ತೆವುಳ್ಕಂಡಾದ್ರೂ ಮುಗಿಸಿ, ನಗ್ತಾ ಬತ್ತಿದ್ವು."

ಇಷ್ಟು ವರ್ಷ ನಾವೆಲ್ಲ ನಕ್ಕದ್ದು ಇದಕ್ಕೇ. ಅವರ ಲೆಕ್ಕದ ಒಳಗೆ ಇಂಥದ್ದೊಂದು ಇರಬಹುದೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಕೆಲಸದಲ್ಲೂ ಇದು ಇರುವುದೇ. ಮುಗಿಯುವ ತನಕ ಎಂದು ಹೇಳಿಬಿಟ್ಟು, ಮುಗಿಯುವ ಗುರುತು ಬರದೇ ಹೋದರೆ, ಬಾಟ್ ಅಲ್ಲೇ ಸುತ್ತುತ್ತಾ ಇರುತ್ತದೆ. ಯಾರಾದರೂ ಬಂದು ನಿಲ್ಲಿಸಬೇಕು. ಯಂತ್ರಕ್ಕೇನು, ಅಳು ಬರುವುದಿಲ್ಲ. ಮಾರನೆಯ ದಿನ ಆಫೀಸಿಗೆ ಹೋಗಿ, ಪಟ್ಟಿ ಮುಗಿಯುವ ತನಕ ಎಂಬುದರ ಜೊತೆಗೆ, ಇಷ್ಟು ಸಲಕ್ಕಿಂತ ಹೆಚ್ಚು ಬೇಡ, ನಿಂತು ನಮ್ಮನ್ನು ಕೇಳು ಎಂದೂ ಸೇರಿಸಿದೆ. ಮೇಡಂ ನೋಡಿ, "ಅತ್ತೆ ಸುತ್ತಿಗೆ ಮಾವನ ಬೇಲಿ ಹಾಕಿದೀರಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮಳವಳ್ಳಿಗೆ ದಿನಾ ಸಂಜೆ ಫೋನ್ ಮಾಡುತ್ತಿದ್ದೆ. "ಇವತ್ತೂ ಕೈ ತಗೀನಿಲ್ಲ ಮಗಾ." ಮತ್ತೇನು ಮಾಡಿದಿರಿ ಎಂದು ಕೇಳಿದರೆ, "ನನ್ ಕೈಗೇ ಮಾಡ್ಕಂಡೆ" ಅನ್ನುತ್ತಿದ್ದರು. ಮುಂದಿನ ಭಾನುವಾರ ಹೋಗಿ ನೋಡಿದೆ. ನಿಜವಾಗಿಯೂ ಹಾಗೇ ಮಾಡುತ್ತಿದ್ದರು. ಗೋಡೆಯ ಕಡೆ ತಿರುಗಿ ಮಲಗಿದ್ದ ಅತ್ತೆಯ ಬೆನ್ನ ಹಿಂದೆ ನೆಟ್ಟಗೆ ಕೂತು, ತನ್ನ ಬಲಗೈಯನ್ನೇ ಎಡಗೈಯಲ್ಲಿ ಹಿಡಿದು, ಬಿಡಿಸುತ್ತಾ ಮಡಚುತ್ತಾ ಗಟ್ಟಿಯಾಗಿ ಇಪ್ಪತ್ತರ ತನಕ ಎಣಿಸಿದರು. "ಮುಗೀತು, ಭೇಷ್" ಎಂದು ಯಾರಿಗೆ ಹೇಳಿದರೋ. ಆ ಬೆನ್ನು ತಿರುಗಲಿಲ್ಲ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಒಂದು ಪಾತ್ರೆ ತೊಳೆದೆ, ಅದು ತೊಳೆದ ಪಾತ್ರೆಯೇ ಆಗಿತ್ತು.

ಬುಧವಾರ ಮಾವನೇ ಫೋನ್ ಮಾಡಿದರು. "ಕೈ ಕೊಟ್ಲು ಕಣ್ ಮಗಾ" ಅಂದರು. ಹದಿನಾಲ್ಕನೆಯ ಎಣಿಕೆಗೆ ಅತ್ತೆ ಈ ಕಡೆ ತಿರುಗಿ, ಸೆರಗು ಸರಿಸಿ, ಮುಷ್ಟಿಯನ್ನು ಮಾವನ ತೊಡೆಯ ಮೇಲೆ ಇಟ್ಟರಂತೆ. ಮಿಕ್ಕ ಆರನ್ನು ಆ ಕೈಗೆ ಮಾಡಿ ನಿಲ್ಲಿಸಿದರಂತೆ. ಆರಕ್ಕೇ ಯಾಕೆ ನಿಲ್ಲಿಸಿದಿರಿ ಎಂದು ನಾನು ಕೇಳಲಿಲ್ಲ. ಬುದ್ಧಿ ಬಂದಿತ್ತು.

ಅದರ ಮುಂದಿನ ಭಾನುವಾರ ಬೆಳಿಗ್ಗೆ ನಾನು ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಮಾವ ಎಣಿಸುತ್ತಿದ್ದರು. ಹದಿನೈದು, ಹದಿನಾರು. ಮಾವ ಎಣಿಸುವಾಗ ಎದುರಿಗಿರುವ ಗೋಡೆ ನೋಡುವುದು ರೂಢಿ. ಒಲೆ ನೋಡಲಿಲ್ಲ, ಟವೆಲ್ಲು ನೋಡಿಯೂ ನೋಡಲಿಲ್ಲ. ಅವತ್ತು ಯಾಕೋ ಅತ್ತೆಯ ಮುಖ ನೋಡುತ್ತಿದ್ದರು. ಹದಿನೇಳು. ಹದಿನೆಂಟು. ಧ್ವನಿ ನಿಧಾನವಾಯಿತು. ಹತ್ತೊಂಬತ್ತು.

ಅಲ್ಲಿಗೆ ನಿಂತರು.

ನಾನು ತಲೆಯೆತ್ತಿದೆ. ಮಾವ ಜೀವನದಲ್ಲಿ ಹತ್ತೊಂಬತ್ತಕ್ಕೆ ನಿಂತವರಲ್ಲ. ಲೆಕ್ಕ ಮರೆತರೋ, ಮೈಗೇನಾದರೂ ಆಯಿತೋ ಎಂದು ಗಾಬರಿಯಾಗಿ, "ಮಾವ, ಇನ್ನೊಂದದೆ" ಎಂದೆ. ಅವರು ನನ್ನ ಕಡೆ ತಿರುಗದೆಯೇ, ಗ್ರೌಂಡಿನಲ್ಲಿ ಮಕ್ಕಳನ್ನು ನಿಲ್ಲಿಸುತ್ತಿದ್ದಂತೆ ಎಡಗೈ ಎತ್ತಿ ತಡೆದರು. ಆಗ ನನಗೂ ಕಂಡಿತು. ಅತ್ತೆಯ ತುಟಿ ಅಲುಗುತ್ತಿತ್ತು. ಎಷ್ಟನೆಯ ಎಣಿಕೆಯಿಂದ ಅಲುಗುತ್ತಿತ್ತೋ ನನಗೆ ಗೊತ್ತಿಲ್ಲ. ಮಾವನಿಗೆ ಗೊತ್ತಿತ್ತು.

ಮಾವ ಕಾದರು. ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ಎಣಿಕೆಯೂ ಇಲ್ಲದೆ, ಸುಮ್ಮನೆ ಕಾದರು. ಹೊರಗೆ ಮದ್ದೂರಿನ ಬಸ್ಸು ಹಾರನ್ ಹಾಕಿಕೊಂಡು ಹೋಯಿತು. ಅತ್ತೆಯ ಗಂಟಲಲ್ಲಿ ಏನೋ ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ಕತ್ತಿನ ನರ ಉಬ್ಬಿತು.

"ಇಪ್... ಪತ್ತು."

ಮಾವ ಅವರ ಮುಖದ ಹತ್ತಿರಕ್ಕೆ ಬಾಗಿದರು. ಆಮೇಲೆ, "ಇನ್ನೊಂದ್ಸಲ ಯೋಳಮ್ಮಿ" ಎಂದರು.

"ಇಪ್ಪತ್ತು."

"ಇನ್ನೊಂದ್ಸಲ."

"ಇಪ್ಪತ್ತು."

ಮಾವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವರು ಕೈ ಬಿಡಲಿಲ್ಲ. ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಕೇಳುತ್ತಲೇ ಇದ್ದರು. ಎಷ್ಟು ಸಲ ಕೇಳಿದರೋ ಅವರು ಲೆಕ್ಕ ಇಡಲಿಲ್ಲ. ನಾನಿಟ್ಟೆ. ಹನ್ನೊಂದನೆಯ ಸಲ ಕೇಳಿದಾಗ ಅತ್ತೆ, ಹಿಂದೆ ಬೈಯುವಾಗ ನೋಡುತ್ತಿದ್ದ ಹಾಗೆಯೇ ಮಾವನನ್ನು ನೋಡಿ, ಎಡಗೈ ಎತ್ತಿ ಅವರ ಬಾಯಿ ಮುಚ್ಚಿದರು.